ಹಕ್ಕಿಗಳು, ತುಕ್ರರು ಮತ್ತು ಮಾರಿಷಸ್ಸಿನ ವಿದೇಶ ಸಂಬಂಧ

ಈ ಸಂಚಿಕೆಗೆ ಒಂದು ಕವನ ಸಂಕಲನದ ವಿಮರ್ಶೆ ಬರೆಯಿರಿ ಅಂತ ಸಂಪಾದಕ ಮಿತ್ರರು ಕೇಳಿದ್ದರು. ಸಂಕಲನವನ್ನು ಪಕ್ಕಕ್ಕಿಟ್ಟು ನಾವು ಬೇರೊಂದು ಬರಹವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಅದು ಕವಿತೆಯಲ್ಲ, ಕತೆಯಲ್ಲ. 1966ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯ ಇಬ್ಬರು ಅಧಿಕಾರಿಗಳು ಒಂದು ಕಡತದಲ್ಲಿ ಬರೆದುಕೊಂಡ ನಾಲ್ಕಾರು ಸಾಲು. ಸಾಹಿತ್ಯ ಪತ್ರಿಕೆಯಲ್ಲಿ ಕಡತದ ಟಿಪ್ಪಣಿಗೆ ಏನು ಕೆಲಸ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ: ನಮ್ಮ ಜನರ ಬದುಕನ್ನು ಕಾವ್ಯಕ್ಕಿಂತ ಹೆಚ್ಚಾಗಿ ತಿದ್ದಿದ್ದು ಕಡತಗಳೇ. ಶಾನುಭೋಗನ ಲೆಕ್ಕದ ಪುಸ್ತಕವನ್ನು ಓದಲು ಬರದೆ ಭೂಮಿ ಕಳಕೊಂಡವರ ಮಕ್ಕಳು ನಾವು. ಮನೆಯಲ್ಲಿ ಮೊದಲು ಸಹಿ ಮಾಡಲು ಕಲಿತವರು ಮೊದಲು ಓದಬೇಕಾದ್ದು ಅಂಥ ಬರಹವನ್ನೇ.

ಆ ಸಾಲುಗಳ ತಾತ್ಪರ್ಯ ಹೀಗಿದೆ. ಕಚೇರಿಯ ಅತ್ಯುನ್ನತ ಅಧಿಕಾರಿ ಪಾಲ್ ಗೋರ್-ಬೂತ್ ಬರೆಯುತ್ತಾನೆ: ನಮ್ಮದಾಗಿಯೇ ಉಳಿಯುವ ಕೆಲವು ಬಂಡೆಗಳನ್ನು ದಕ್ಕಿಸಿಕೊಳ್ಳುವುದು ಈ ಕೆಲಸದ ಉದ್ದೇಶ; ಅಲ್ಲಿ ಕಡಲಹಕ್ಕಿಗಳನ್ನು ಬಿಟ್ಟರೆ ಮೂಲನಿವಾಸಿಗಳು ಯಾರೂ ಇರುವುದಿಲ್ಲ; ಹಕ್ಕಿಗಳಿಗೆ ಇನ್ನೂ ಒಂದು ಸಮಿತಿ ಆಗಿಲ್ಲ, ಹೆಂಗಸರ ಸ್ಥಾನಮಾನದ ಸಮಿತಿ ಹಕ್ಕಿಗಳ ಹಕ್ಕನ್ನು ನೋಡಿಕೊಳ್ಳುವುದಿಲ್ಲವಲ್ಲ. ಅದರ ಕೆಳಗೆ ಡೆನಿಸ್ ಗ್ರೀನ್‌ಹಿಲ್ ಸೇರಿಸುತ್ತಾನೆ: ದುರದೃಷ್ಟಕ್ಕೆ ಹಕ್ಕಿಗಳ ಜೊತೆಗೆ ಕೆಲವು ಟಾರ್ಜಾನರೂ ಮ್ಯಾನ್ ಫ್ರೈಡೇಗಳೂ ಇದ್ದಾರೆ, ಅವರ ಮೂಲ ಸ್ಪಷ್ಟವಿಲ್ಲ, ಅವರನ್ನು ಮಾರಿಷಸ್ಸಿನ ತಲೆಗೆ ಕಟ್ಟುವ ಆಸೆಯಲ್ಲಿದ್ದೇವೆ.

ಇಂಗ್ಲಿಷಿನ ಆಡುಮಾತಲ್ಲಿ ಹಕ್ಕಿ ಅಂದರೆ ಹೆಣ್ಣು ಅಂತಲೂ ಅರ್ಥ ಇದೆ. ಹಾಗಾಗಿ ಇಲ್ಲಿ ಶ್ಲೇಷೆ ಇದೆ, ವ್ಯಂಗ್ಯ ಇದೆ, ಹಳೆಯ ಕೃತಿಯ ಉಲ್ಲೇಖ ಇದೆ, ಮಾತಿನ ಮಿತವ್ಯಯ ಇದೆ. ನಮ್ಮ ನವ್ಯ ವಿಮರ್ಶಕರು ಒಳ್ಳೆಯ ಬರಹದಲ್ಲಿ ಏನೇನು ಇರಬೇಕು ಎಂದು ಪಾಠ ಹೇಳಿದರೋ ಅದೆಲ್ಲ ಇದೆ. ಈ ಚೆಂದದ ಶೈಲಿಯ ಬೆನ್ನಿಗೆ, 1967ರಿಂದ 1973ರೊಳಗೆ, ಹಿಂದೂ ಮಹಾಸಾಗರದ ನಡುವಿನ ಚಾಗೋಸ್ ದ್ವೀಪಗಳಿಂದ ಸುಮಾರು 1500ರಿಂದ 2000 ಜನರನ್ನು ಖಾಲಿ ಮಾಡಿಸಿದರು. ಬರಹದ ಗುಣವನ್ನು ಅದರ ಶೈಲಿಯಲ್ಲೇ ಹುಡುಕುವ ವಿಮರ್ಶೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

1

ವಿಷಯ ಗೊತ್ತಿಲ್ಲದ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಮಾರಿಷಸ್ ಸುಮಾರು 2,040 ಚದರ ಕಿಲೋಮೀಟರಿನ ದೇಶ. ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ. ಮೊದಲು ಫ್ರೆಂಚರ ಕೈಲಿತ್ತು, 1810ರಲ್ಲಿ ಬ್ರಿಟಿಷರು ಗೆದ್ದುಕೊಂಡರು. ಅದರ ಆಡಳಿತಕ್ಕೆ ಸೇರಿದ್ದು, ಸುಮಾರು 2,000 ಕಿಲೋಮೀಟರ್ ದೂರದ ಚಾಗೋಸ್: ಐವತ್ತಕ್ಕೂ ಹೆಚ್ಚು ಪುಟ್ಟ ದ್ವೀಪಗಳು. ಅದರಲ್ಲಿ ದೊಡ್ಡದು ಡಿಯಾಗೋ ಗಾರ್ಸಿಯಾ. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚ್ ತೋಟದೊಡೆಯರು ಮಡಗಾಸ್ಕರ್ ಮತ್ತು ಮೊಜಾಂಬಿಕ್ ಕಡೆಯ ಗುಲಾಮರನ್ನು ಇಲ್ಲಿಗೆ ತಂದು ತೆಂಗಿನ ತೋಟ ಮಾಡಿಸಿದರು. 1835ರಲ್ಲಿ ಗುಲಾಮಗಿರಿ ನಿಂತ ಮೇಲೆ ಭಾರತದ ಕೂಲಿಗಳೂ ಕೆಲವರು ಬಂದು ಬೆರೆತರು. ಕೊಬ್ಬರಿ ಒಡೆದು, ಮೀನು ಹಿಡಿದು, ಕ್ರಿಯೋಲ್ ಮಾತಾಡಿ, ಸೇಗಾ ಹಾಡಿ ಕುಣಿದು ನಾಲ್ಕೈದು ತಲೆಮಾರು ಬದುಕಿದ ಜನ ಇವರು. ಗ್ರೀನ್‌ಹಿಲ್ ಹೇಳುವ 'ಸ್ಪಷ್ಟವಿಲ್ಲದ ಮೂಲ' ಇದು! ಹಡಗಿನಲ್ಲಿ ಸರಪಳಿ ಹಾಕಿ ತಂದವರಿಗೇ ತಂದದ್ದು ಮರೆತುಹೋಯಿತು.

1960ರ ದಶಕದಲ್ಲಿ ಅಮೆರಿಕಕ್ಕೆ ಹಿಂದೂ ಮಹಾಸಾಗರದಲ್ಲಿ ಸೇನಾ ನೆಲೆ ಬೇಕಾಯಿತು. ಜನ ಇಲ್ಲದ ನೆಲ ಬೇಕು ಎಂದರು. ಅದೇ ಹೊತ್ತಿಗೆ ಮಾರಿಷಸ್ ಸ್ವಾತಂತ್ರ್ಯ ಕೇಳುತ್ತಿತ್ತು. 1965ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್, ಮಾರಿಷಸ್ಸಿನ ನಾಯಕ ಶಿವಸಾಗರ ರಾಮಗುಲಾಮರನ್ನು ಮಾತಿಗೆ ಕರೆದ. ಆ ಭೇಟಿಗೆ ಮುಂಚೆ ವಿಲ್ಸನ್ನನ ಕಾರ್ಯದರ್ಶಿ ಅವನಿಗೆ ಬರೆದುಕೊಟ್ಟ ಚೀಟಿ ಇವತ್ತು ಬಯಲಾಗಿದೆ. ಅದರಲ್ಲಿ ಹೇಳಿರುವ ಉಪಾಯ: ಆತನನ್ನು ಆಸೆಯಿಂದಲೇ ಹೆದರಿಸಬೇಕು. ಸ್ವಾತಂತ್ರ್ಯ ಸಿಕ್ಕೀತು ಎಂಬ ಆಸೆ. ಚಾಗೋಸ್ ಬಿಟ್ಟುಕೊಡದಿದ್ದರೆ ಸಿಗದೆ ಹೋದೀತು ಎಂಬ ಹೆದರಿಕೆ. ಮಗನ ಮದುವೆಗೆ ಸಾಲ ಕೇಳಲು ಬಂದವನನ್ನು ಜಗಲಿಯ ಕೆಳಗೆ ನಿಲ್ಲಿಸಿಕೊಂಡು 'ಕೊಡಾನ ಬಿಡಪ್ಪ, ಆದ್ರೆ ಆ ಕೆರೆ ಕೆಳಗಿನ ತುಂಡು...' ಎಂದು ರಾಗ ಎಳೆಯುವ ಧಣಿಯ ಮಾತು ಗೊತ್ತಿರುವವರಿಗೆ ಈ ಚೀಟಿಗೆ ಟೀಕೆ ಬೇಕಿಲ್ಲ.

30 ಲಕ್ಷ ಪೌಂಡು ಕೊಟ್ಟು, 1965ರ ನವೆಂಬರ್ 8ರಂದು ಚಾಗೋಸನ್ನು ಮಾರಿಷಸ್ಸಿನಿಂದ ಕತ್ತರಿಸಿ 'ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ' ಎಂಬ ಹೊಸ ವಸಾಹತು ಮಾಡಿದರು. ಲೋಕದ ವಸಾಹತುಗಳೆಲ್ಲ ಒಂದೊಂದಾಗಿ ಬಿಡುಗಡೆ ಆಗುತ್ತಿದ್ದ ಕಾಲದಲ್ಲಿ ಹೊಸದೊಂದನ್ನು ಹುಟ್ಟಿಸಿದ್ದು! ಹೀಗೆ ಒಡೆಯಬೇಡಿ ಎಂದು ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಠರಾವು ಮಾಡಿತು. ಕೇಳುವವರಿರಲಿಲ್ಲ. 1966ರಲ್ಲಿ ಅಮೆರಿಕದ ಜೊತೆ ಒಪ್ಪಂದ ಆಯಿತು. ಪೊಲಾರಿಸ್ ಕ್ಷಿಪಣಿಯ ಬಾಬ್ತಿನಲ್ಲಿ ಬ್ರಿಟನ್ ಕೊಡಬೇಕಾಗಿದ್ದ ಹಣದಲ್ಲಿ 1 ಕೋಟಿ 40 ಲಕ್ಷ ಡಾಲರನ್ನು ಅಮೆರಿಕ ಗುಟ್ಟಾಗಿ ಬಿಟ್ಟುಕೊಟ್ಟಿತು. 1968ರ ಮಾರ್ಚ್ 12ರಂದು ಮಾರಿಷಸ್ ಸ್ವತಂತ್ರವಾಯಿತು. ಆ ದೇಶದ ವಿದೇಶ ಸಂಬಂಧದ ಮೊದಲ ಪುಟ, ದೇಶ ಹುಟ್ಟುವುದಕ್ಕೆ ಮುಂಚೆಯೇ, ಬೇರೆಯವರ ಕೈಬರಹದಲ್ಲಿ ಹೀಗೆ ಬರೆದಾಗಿತ್ತು.

2

ಈಗ ಮ್ಯಾನ್ ಫ್ರೈಡೇ ಎಂಬ ಮಾತಿಗೆ ಬರೋಣ. 1719ರಲ್ಲಿ ಡೇನಿಯಲ್ ಡೆಫೋ ಬರೆದ 'ರಾಬಿನ್ಸನ್ ಕ್ರೂಸೋ' ಕತೆ ಕನ್ನಡಕ್ಕೂ ಬಂದಿದೆ. ಅದನ್ನು ಮಕ್ಕಳಿಗೆ ಸಾಹಸದ ಕತೆ, ಸ್ವಾವಲಂಬನೆಯ ಕತೆ ಎಂದು ಹೇಳಿಕೊಡುತ್ತೇವೆ. ಕ್ರೂಸೋನ ಹಡಗು ಒಡೆದದ್ದು ಯಾವ ಪ್ರಯಾಣದಲ್ಲಿ? ಆಫ್ರಿಕದಿಂದ ಗುಲಾಮರನ್ನು ತರಲು ಹೊರಟ ಪ್ರಯಾಣದಲ್ಲಿ. ಇದನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ದ್ವೀಪದಲ್ಲಿ ಅವನು ಒಬ್ಬ ಆಳನ್ನು ಉಳಿಸುತ್ತಾನೆ, ಉಳಿಸಿದ ದಿನ ಶುಕ್ರವಾರವಾದ್ದರಿಂದ ಅವನಿಗೆ ಶುಕ್ರವಾರ ಎಂದೇ ಹೆಸರಿಡುತ್ತಾನೆ. ನಿನ್ನ ಹೆಸರೇನಪ್ಪಾ ಅಂತ ಕೇಳುವುದೇ ಇಲ್ಲ. ಮೊದಮೊದಲು ಕಲಿಸುವ ಮಾತುಗಳಲ್ಲಿ ಒಂದು 'ಒಡೆಯ'. ಅದೇ ತನ್ನ ಹೆಸರು ಅಂತ ಕ್ರೂಸೋ ಹೇಳಿಕೊಡುತ್ತಾನೆ.

ದಕ್ಷಿಣ ಕನ್ನಡದ ಗೆಳೆಯರು ಇದನ್ನು ಓದಿ ನಕ್ಕಾರು. ಅಲ್ಲಿ ನಮ್ಮ ಜನಕ್ಕೆ ವಾರದ ಹೆಸರುಗಳಿವೆ: ಐತ, ಅಂಗಾರ, ಗುರುವ, ತುಕ್ರ, ಚನಿಯ. ಹುಟ್ಟಿದ ವಾರವೇ ಹೆಸರು. ದೊಡ್ಡವರ ದೇವರ ಹೆಸರು ಇಟ್ಟುಕೊಳ್ಳುವುದು ಸಲ್ಲುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. 1933ರ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಗುರುವ ಮತ್ತು ಚನಿಯ, ಅಂದರೆ ಗುರುವಾರ ಮತ್ತು ಶನಿವಾರ. ಹಾಗಾದರೆ ಮ್ಯಾನ್ ಫ್ರೈಡೇ ಯಾರು? ನಮ್ಮ ತುಕ್ರ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ತುಕ್ರನಿಗೆ ಹೆಸರಿಟ್ಟು ತೊಟ್ಟಿಲು ತೂಗಿದ್ದು ಅವನ ತಾಯಿ. ಫ್ರೈಡೇಗೆ ಹೆಸರಿಟ್ಟದ್ದು ಒಡೆಯ. 1966ರ ಕಡತದಲ್ಲಿ ಆ ಹೆಸರು ಒಬ್ಬ ಮನುಷ್ಯನದೂ ಅಲ್ಲ, ಒಂದು ಸಂತತಿಯದು. ತಾಯಿಟ್ಟ ಹೆಸರುಗಳನ್ನು ಅಳಿಸಿ, ಒಂದು ಊರಿಗೆ ಊರನ್ನೇ ಕತೆಯೊಳಗಿನ ಆಳಿನ ಹೆಸರಲ್ಲಿ ಸೇರಿಸಿದರೆ ಆಮೇಲೆ ಆ ಊರನ್ನು ಎಬ್ಬಿಸುವುದು ಸುಲಭ. ಕತೆಯೊಳಗಿನ ಆಳಿಗೆ ಮನೆ ಎಲ್ಲಿರುತ್ತದೆ?

ಇದರ ಜೊತೆಗೆ ಕಾನೂನಿನ ಒಂದು ಕಟ್ಟುಕತೆಯನ್ನೂ ಕಟ್ಟಿದರು. ಇವರು ಅಲ್ಲಿಯ ನಿವಾಸಿಗಳಲ್ಲ, ಗುತ್ತಿಗೆ ಕೂಲಿಗಳು, ಇವತ್ತು ಬಂದು ನಾಳೆ ಹೋಗುವವರು ಎಂದು ವಿಶ್ವಸಂಸ್ಥೆಯ ಮುಂದೆ ತೋರಿಸಲು ಇದು ಬೇಕಾಗಿತ್ತು. ನಿವಾಸಿಗಳೆಂದು ಒಪ್ಪಿದರೆ ಅವರ ಹಿತಕ್ಕೆ ಉತ್ತರ ಹೇಳಬೇಕಲ್ಲ! ತಾತ, ಮುತ್ತಾತಂದಿರ ಗೋರಿಗಳು ಅಲ್ಲೇ ಇದ್ದರೂ ಕಡತದಲ್ಲಿ ಅವರು 'ತಾತ್ಕಾಲಿಕ'. ಹತ್ತಾರು ವರ್ಷ ಒಂದೇ ಕೆಲಸ ಮಾಡಿದರೂ ಹಾಜರಿ ಪುಸ್ತಕದಲ್ಲಿ ದಿನಗೂಲಿ ಎಂದೇ ಇರುವ ನಮ್ಮ ಪೌರಕಾರ್ಮಿಕರಿಗೆ ಈ ಪದದ ತೂಕ ಗೊತ್ತು.

ಎಬ್ಬಿಸಿದ್ದು ಹೇಗೆ? ಆಸ್ಪತ್ರೆಗೆಂದು, ನೆಂಟರನ್ನು ನೋಡಲೆಂದು ಮಾರಿಷಸ್ಸಿಗೆ ಬಂದವರಿಗೆ ವಾಪಸು ಹಡಗು ಇಲ್ಲ ಎಂದರು. ರೀಟಾ ಬಾಂಕೂಲ್ ಎಂಬಾಕೆ 1968ರಲ್ಲಿ ಮಗಳ ಚಿಕಿತ್ಸೆಗೆ ಬಂದವಳು, ಮಗಳು ಉಳಿಯಲಿಲ್ಲ, ಊರಿಗೆ ಹೊರಟರೆ ನಿಮ್ಮ ದ್ವೀಪ ಮಾರಾಟವಾಗಿದೆ ಎಂಬ ಉತ್ತರ. ಉಳಿದವರಿಗೆ ದಿನಸಿ ಬರುವುದು ಕಡಿಮೆಯಾಯಿತು. 1971ರಲ್ಲಿ ಡಿಯಾಗೋ ಗಾರ್ಸಿಯಾದ ಜನರ ಸಾಕುನಾಯಿಗಳನ್ನು ಕೊಬ್ಬರಿ ಒಣಗಿಸುವ ಮನೆಯೊಳಗೆ ಕೂಡಿ, ಹೊಗೆ ಬಿಟ್ಟು ಕೊಂದರು. ಆಜ್ಞೆ ಕೊಟ್ಟವನು ಆಡಳಿತಾಧಿಕಾರಿ ಬ್ರೂಸ್ ಗ್ರೇಟ್‌ಬ್ಯಾಚ್. ನಾಯಿಗಳಾದ ಮೇಲೆ ಯಾರ ಸರದಿ ಎಂದು ಜನಕ್ಕೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾರ್ಡ್‌ವೇರ್ ಎಂಬ ಹಡಗಿನಲ್ಲಿ ತುಂಬಿ ಕಳಿಸಿದರು. 1973ರಲ್ಲಿ ಕೊನೆಯ ತಂಡದವರು ಪೋರ್ಟ್ ಲೂಯಿ ಬಂದರಿನಲ್ಲಿ ಹಡಗಿನಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದು ಕೂತರು.

ಈ ಜನ ತಮ್ಮ ಪಾಡಿಗೆ ಇಟ್ಟುಕೊಂಡ ಕ್ರಿಯೋಲ್ ಪದಗಳಿವೆ. 'ಲಮಿಜೇರ್' ಅಂದರೆ ಬಡತನದ ಬವಣೆ. 'ದೆರಾಸಿನೆ' ಅಂದರೆ ಬೇರು ಕಿತ್ತದ್ದು. 'ಸಗ್ರೇನ್' ಅಂದರೆ ಊರಿನ ಕೊರಗು. ಆ ಕೊರಗಿನಿಂದ ಮನುಷ್ಯ ಸಾಯಬಹುದು ಎಂದು ಅವರು ನಂಬುತ್ತಾರೆ, ಇಂತಿಂಥವರು ಸಗ್ರೇನಿನಿಂದ ಸತ್ತರು ಎಂದು ಲೆಕ್ಕ ಹೇಳುತ್ತಾರೆ. ವಿದೇಶಾಂಗ ಕಚೇರಿಯ ವಿದ್ಯಾವಂತರ ಶ್ಲೇಷೆಯನ್ನೂ ಓದುಬರಹ ಇಲ್ಲದ ಹೆಂಗಸರ ಈ ಮೂರು ಪದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವುದು ಭಾಷೆ, ಯಾವುದು ಬರೀ ಮಾತಿನ ಜಾಣತನ ಎಂದು ತಿಳಿಯುತ್ತದೆ.

3

ಇಷ್ಟು ಹೇಳಿ ಸಾಮ್ರಾಜ್ಯಶಾಹಿಗೆ ಧಿಕ್ಕಾರ ಎಂದು ಮುಗಿಸಿದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಮಾರಿಷಸ್ ಎಂಬ ದೇಶವನ್ನೂ ನಾವು ಓದಬೇಕು.

ಮಾರಿಷಸ್ಸಿನ ಬಹುಸಂಖ್ಯಾತರು 1834ರಿಂದ ಕಬ್ಬಿನ ಗದ್ದೆಗೆ ಬಂದ ಭಾರತೀಯ ಗಿರ್ಮಿಟ್ ಕೂಲಿಗಳ ಮಕ್ಕಳು. ಹೆಚ್ಚಿನವರು ಬಿಹಾರದ ಕಡೆಯವರು, ಜೊತೆಗೆ ತಮಿಳರು, ತೆಲುಗರು, ಮರಾಠಿಗಳು. ಅವರೂ ನೊಂದವರೇ. ಆದರೆ ಹಡಗಿನಲ್ಲಿ ಗಂಟುಮೂಟೆಯ ಜೊತೆ ಜಾತಿಯೂ ಬಂದಿಳಿಯಿತು. ಇವತ್ತಿಗೂ ಅಲ್ಲಿನ ಚುನಾವಣೆಯಲ್ಲಿ ವೈಶ್, ರಜಪೂತ್, ರವಿವೇದ್ ಎಂಬ ಲೆಕ್ಕ ನಡೆಯುತ್ತದೆ. 1968ರಿಂದ 2024ರ ಚುನಾವಣೆಯವರೆಗೆ ಪ್ರಧಾನಿ ಆದವರು ಐವರು: ರಾಮಗುಲಾಮ್ ತಂದೆ, ಮಗ, ಜಗನ್ನಾಥ್ ತಂದೆ, ಮಗ, ನಡುವೆ ಎರಡು ವರ್ಷ ಒಬ್ಬ ಫ್ರೆಂಚ್ ಮೂಲದವರು. ಆಫ್ರಿಕನ್ ಮೂಲದ ಕ್ರಿಯೋಲರು ಒಬ್ಬರೂ ಇಲ್ಲ. ಕರಿಯ ಚಾಗೋಸಿಗರು ಪೋರ್ಟ್ ಲೂಯಿಯ ಕೊಳೆಗೇರಿಗಳಾದ ರೋಶ್ ಬ್ವಾ, ಕಸಿಸ್‌ನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಾಗ ಅವರನ್ನು 'ಇಲ್ವಾ', ದ್ವೀಪದವರು, ಎಂದು ಹಂಗಿಸಿ ಕರೆಯುತ್ತಿದ್ದುದು ಬ್ರಿಟಿಷರಲ್ಲ, ಅಕ್ಕಪಕ್ಕದವರು.

ಅವರ ಪುನರ್ವಸತಿಗೆಂದು 1972ರಲ್ಲಿ ಬ್ರಿಟನ್ ಒಪ್ಪಿದ 6.5 ಲಕ್ಷ ಪೌಂಡು ಮಾರಿಷಸ್ ಸರ್ಕಾರದ ಖಜಾನೆಯಲ್ಲಿ ಕೂತಿತ್ತು. ಜನರಿಗೆ ಹಂಚಿದ್ದು 1977-78ರಲ್ಲಿ. ಅಷ್ಟರಲ್ಲಿ ಬೆಲೆ ಏರಿ ಹಣದ ಸತ್ವ ಹೋಗಿತ್ತು. ಸರ್ಕಾರ ಯಾಕೆ ಗಟ್ಟಿಯಾಗಿ ಮಾತಾಡಲಿಲ್ಲ? ಸಕ್ಕರೆಯ ಕಡೆಗೂ ನೋಡಬೇಕು. ದೇಶದ ಹೊಟ್ಟೆ ತುಂಬುತ್ತಿದ್ದುದು ಸಕ್ಕರೆಯಿಂದ. 1975ರ ಲೋಮೆ ಒಪ್ಪಂದದಲ್ಲಿ ಯುರೋಪಿಗೆ ಖಾತ್ರಿ ಬೆಲೆಯಲ್ಲಿ ಸಕ್ಕರೆ ಮಾರುವ ಅತಿ ದೊಡ್ಡ ಪಾಲು ಸಿಕ್ಕಿದ್ದು ಮಾರಿಷಸ್ಸಿಗೆ. ಕೊಳ್ಳುವವನನ್ನು ಎದುರುಹಾಕಿಕೊಂಡು ಮಾರುವುದು ಹೇಗೆ? ಪುಟ್ಟ ದೇಶದ ವಿದೇಶಾಂಗ ನೀತಿ ಹೊಟ್ಟೆಯಿಂದ ಶುರುವಾಗುತ್ತದೆ. ಇದನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ. ಕೂಲಿ ಕೊಡುವವನ ಮನೆ ಮುಂದೆ ಘೋಷಣೆ ಕೂಗುವುದು ಎಷ್ಟು ಕಷ್ಟ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅರ್ಥಮಾಡಿಕೊಳ್ಳುವುದು ಬೇರೆ, ಕ್ಷಮಿಸುವುದು ಬೇರೆ. ಆ ಮೌನದ ಬೆಲೆ ತೆತ್ತವರು ಸಕ್ಕರೆ ಮಾರಿದವರಲ್ಲ, ಕೊಬ್ಬರಿ ಒಡೆದವರು.

ಮಾತಾಡಿದವರು ಹೆಂಗಸರು. ಲಿಸೆಟ್ ತಲಾತ್, ಷಾರ್ಲೇಸಿಯಾ ಅಲೆಕ್ಸಿ, ರೀಟಾ ಬಾಂಕೂಲ್ ಮುಂತಾದವರು 1978ರಿಂದ ಉಪವಾಸ ಕೂತರು, ಬೀದಿಗಿಳಿದರು, ಪೊಲೀಸರ ಏಟು ತಿಂದರು, ಜೈಲು ಕಂಡರು. ಹಕ್ಕಿಗಳಿಗೆ ಸಮಿತಿ ಇಲ್ಲ ಎಂದು ಗೋರ್-ಬೂತ್ ನಗೆಯಾಡಿದ್ದನಲ್ಲ, ಆ ನಗೆಗೆ ಉತ್ತರ ಇವರು. ಇವರ ಹೋರಾಟದಿಂದಲೇ 1982ರಲ್ಲಿ ಇನ್ನೂ 40 ಲಕ್ಷ ಪೌಂಡು ಬಂತು. ಜೊತೆಗೆ ಒಂದು ಕಾಗದವೂ ಬಂತು, ಇಂಗ್ಲಿಷಿನಲ್ಲಿ. ಹಣ ಸಿಗುತ್ತದೆ, ಹೆಬ್ಬೆಟ್ಟು ಒತ್ತಿ ಎಂದರು. ಒತ್ತಿದರು. ಇನ್ನು ಮುಂದೆ ಊರಿಗೆ ಹಿಂದಿರುಗುವ ಹಕ್ಕು ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಇದನ್ನು ಓದುವಾಗ ನಮಗೆ ನಮ್ಮ ಅಜ್ಜಂದಿರ ಮಸಿ ಮೆತ್ತಿದ ಬೆರಳು ಕಂಡಿತು.

4

ರೀಟಾಳ ಮಗ ಒಲಿವಿಯೆ ಬಾಂಕೂಲ್ ಕೋರ್ಟಿಗೆ ಹೋದರು. 2000ದಲ್ಲಿ ಲಂಡನ್ನಿನ ಹೈಕೋರ್ಟು ಹೊರಹಾಕಿದ್ದು ಕಾನೂನಿಗೆ ವಿರುದ್ಧ ಎಂದಿತು. 2004ರಲ್ಲಿ ಸರ್ಕಾರ ರಾಣಿಯ ಹೆಸರಲ್ಲಿ ಆಜ್ಞೆ ಹೊರಡಿಸಿ ಆ ತೀರ್ಪನ್ನು ಮಣ್ಣು ಮಾಡಿತು. 2008ರಲ್ಲಿ ಲಾರ್ಡ್‌ಗಳ ಸಭೆ 3-2ರಲ್ಲಿ ಸರ್ಕಾರದ ಪರ ನಿಂತಿತು. 2010ರ ಏಪ್ರಿಲಿನಲ್ಲಿ ಚಾಗೋಸಿನ ಸುತ್ತ ಸುಮಾರು 6.4 ಲಕ್ಷ ಚದರ ಕಿಲೋಮೀಟರು ಕಡಲನ್ನು ಸಂರಕ್ಷಿತ ಪ್ರದೇಶ ಎಂದು ಸಾರಿ, ಮೀನು ಹಿಡಿಯಬಾರದು ಎಂದರು. ಹವಳದ ದಿಬ್ಬ ಉಳಿಯಬೇಕು ಎಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಅದರ ಹಿಂದಿನ ವರ್ಷ ಬ್ರಿಟಿಷ್ ಅಧಿಕಾರಿಯೊಬ್ಬ ಅಮೆರಿಕನ್ನರಿಗೆ ಹೇಳಿದ್ದು ವಿಕಿಲೀಕ್ಸಿನಿಂದ ಹೊರಬಿತ್ತು: ಇನ್ನು ಆ ದ್ವೀಪಗಳಲ್ಲಿ ಮನುಷ್ಯರ ಹೆಜ್ಜೆಗುರುತಾಗಲಿ ಮ್ಯಾನ್ ಫ್ರೈಡೇಗಳಾಗಲಿ ಇರುವುದಿಲ್ಲ.

ಗಮನಿಸಿ, 43 ವರ್ಷ ಕಳೆದರೂ ಅದೇ ಹೆಸರು. ಹೆಜ್ಜೆಗುರುತು ಕೂಡ ಅದೇ ಕಾದಂಬರಿಯದು. ಮರಳಿನ ಮೇಲೆ ಬೇರೆಯವನ ಒಂದು ಹೆಜ್ಜೆ ಕಂಡು ಕ್ರೂಸೋ ಭಯದಿಂದ ನಡುಗುತ್ತಾನೆ. ಆ ನಡುಕ ಇನ್ನೂ ಹೋಗಿಲ್ಲ. ಒಂದು ಪುಸ್ತಕ ಆಳುವವರ ಮನಸ್ಸನ್ನು 300 ವರ್ಷ ರೂಪಿಸಬಲ್ಲದು ಎಂದ ಮೇಲೆ ಸಾಹಿತ್ಯದಿಂದ ಏನೂ ಆಗುವುದಿಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಸಾಹಿತ್ಯದಿಂದ ಬೇಕಾದಷ್ಟು ಆಗಿದೆ; ಯಾರ ಪರವಾಗಿ ಎಂಬುದಷ್ಟೆ ಪ್ರಶ್ನೆ.

2019ರ ಫೆಬ್ರವರಿ 25ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಮಾರಿಷಸ್ಸಿನ ವಿಮೋಚನೆ ಕಾನೂನುಬದ್ಧವಾಗಿ ಪೂರ್ತಿ ಆಗಿಲ್ಲ, ಬ್ರಿಟನ್ ಆದಷ್ಟು ಬೇಗ ಚಾಗೋಸ್ ಆಡಳಿತ ಬಿಡಬೇಕು ಎಂದು 13-1ರಲ್ಲಿ ಅಭಿಪ್ರಾಯ ಕೊಟ್ಟಿತು. ಮೇ 22ರಂದು ಮಹಾಸಭೆಯಲ್ಲಿ ಅದಕ್ಕೆ 116 ಮತ, ವಿರುದ್ಧ 6. ಭಾರತ ಮಾರಿಷಸ್ ಪರ ಮತ ಹಾಕಿತು. ವಿರುದ್ಧ ಹಾಕಿದವರಲ್ಲಿ ಬ್ರಿಟನ್, ಅಮೆರಿಕದ ಜೊತೆಗೆ ಮಾಲ್ಡೀವ್ಸ್ ಎಂಬ ಇನ್ನೊಂದು ಪುಟ್ಟ ದ್ವೀಪದೇಶವೂ ಇತ್ತು, ತನ್ನ ಕಡಲ ಗಡಿಯ ತಗಾದೆಯಿಂದಾಗಿ. ದುರ್ಬಲರೆಲ್ಲ ತಾವಾಗಿಯೇ ಒಂದಾಗಿಬಿಡುತ್ತಾರೆ ಅಂತ ನಾವು ಭಾಷಣ ಮಾಡುವಾಗ ಈ ಮತವನ್ನು ನೆನಪಿಟ್ಟುಕೊಳ್ಳಬೇಕು.

ಆ ನ್ಯಾಯಾಲಯದಲ್ಲಿ ಲಿಸ್ಬಿ ಎಲಿಜೆ ಎಂಬ ಓದುಬರಹ ಬಾರದ ಹೆಂಗಸು 2018ರಲ್ಲಿ ಪರದೆಯ ಮೇಲೆ ಕ್ರಿಯೋಲಿನಲ್ಲಿ ಸಾಕ್ಷಿ ಹೇಳಿದಳು. 1973ರಲ್ಲಿ ಹಡಗು ಹತ್ತಿಸಿದಾಗ ಅವಳು ಬಸುರಿ, ಮಗು ಉಳಿಯಲಿಲ್ಲ. ಟಿಪ್ಪಣಿಯ ಪ್ರಕಾರ ಮೂಲ ಸ್ಪಷ್ಟವಿಲ್ಲದವಳು ತಾನು ಎಲ್ಲಿ ಹುಟ್ಟಿದೆ, ಏನು ತಿಂದೆ, ಹೇಗೆ ಹೊರಬಿದ್ದೆ ಎಂದು ಲೋಕದ ನ್ಯಾಯಾಧೀಶರಿಗೆ ಸ್ಪಷ್ಟವಾಗಿ ಹೇಳಿದಳು. ಈ ಐವತ್ತು ವರ್ಷದ ಕಾಗದಗಳಲ್ಲಿ ನಾವು ಸಾಹಿತ್ಯ ಎಂದು ಕರೆಯುವುದು ಆ ಸಾಕ್ಷಿಯನ್ನು.

2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಬಿದ್ದ ಮೇಲೂ ಲಂಡನ್ನಿನ ಸಂಸತ್ತಿನಲ್ಲಿ ಜಗ್ಗಾಟ ನಡೆಯಿತು. ಆ ಕಾಗದವನ್ನೂ ವ್ಯಾಕರಣ ಹಿಡಿದು ಓದೋಣ. ಚಾಗೋಸಿನ ಸಾರ್ವಭೌಮತ್ವ ಮಾರಿಷಸ್ಸಿಗೆ. ಡಿಯಾಗೋ ಗಾರ್ಸಿಯಾದ ನೆಲೆ 99 ವರ್ಷ ಬ್ರಿಟನ್ನಿಗೆ, ಅಂದರೆ ಅಮೆರಿಕಕ್ಕೆ. ಬಾಡಿಗೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡು. ಚಾಗೋಸಿಗರಿಗೆ 4 ಕೋಟಿ ಪೌಂಡಿನ ನಿಧಿ, ಅದನ್ನು ನಡೆಸುವುದು ಮಾರಿಷಸ್. ಪುನರ್ವಸತಿಗೆ ಬೇರೆ ದ್ವೀಪಗಳು ತೆರೆದಿವೆ, ಡಿಯಾಗೋ ಗಾರ್ಸಿಯಾ ಇಲ್ಲ. ಈ ವಾಕ್ಯಗಳಲ್ಲಿ ಕರ್ತೃಪದ ಬ್ರಿಟನ್, ಇಲ್ಲವೆ ಮಾರಿಷಸ್. ಚಾಗೋಸಿಗರಿಗೆ ಚತುರ್ಥಿ ವಿಭಕ್ತಿ ಮಾತ್ರ: ಅವರಿಗೆ, ಅವರಿಗಾಗಿ. ಸಂಧಾನದ ಮೇಜಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಬಾಂಕೂಲರಂಥವರು ಇಷ್ಟಾದರೂ ಆಯಿತಲ್ಲ ಎಂದು ಸ್ವಾಗತಿಸಿದರು. ಬ್ರಿಟನ್ನಿನಲ್ಲಿರುವ ಅನೇಕರು ನಮ್ಮನ್ನು ಕೇಳದೆ ಮತ್ತೊಮ್ಮೆ ಮಾರಿದಿರಿ ಎಂದರು. ಇಬ್ಬರು ಚಾಗೋಸ್ ಮಹಿಳೆಯರು ಸಹಿಯ ದಿನ ಬೆಳಗ್ಗೆ ಕೋರ್ಟಿನಿಂದ ತಡೆ ತಂದರು, ಕೆಲವು ಗಂಟೆಗಳಲ್ಲಿ ಅದು ತೆರವಾಯಿತು. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಅವರನ್ನು ಎರಡು ಮಾಡಿದ್ದು ಅವರ ಮೂರ್ಖತನ ಅಲ್ಲ, ಅವರಿಗೆ ಕುರ್ಚಿ ಕೊಡದ ಮೇಜು.

1931ರಲ್ಲಿ ಗಾಂಧಿಯವರ ಎದುರು ಬಾಬಾಸಾಹೇಬರು ತಮಗೆ ತಾಯ್ನಾಡೇ ಇಲ್ಲ ಎಂದದ್ದು ನಮಗೆಲ್ಲ ಗೊತ್ತು. ದೇಶ ಬಿಡುಗಡೆಯಾಗುವುದು ಬೇರೆ, ದೇಶದೊಳಗಿನ ಕೇರಿ ಬಿಡುಗಡೆಯಾಗುವುದು ಬೇರೆ ಎಂಬುದೇ ಆ ಮಾತಿನ ಸಾರ. ಚಾಗೋಸ್ ಮಾರಿಷಸ್ಸಿನ ಕೇರಿ.

5

ಕೊನೆಗೆ ನಮ್ಮ ಮನೆಯ ಮಾತು. 1971ರಲ್ಲಿ ಹಿಂದೂ ಮಹಾಸಾಗರ ಶಾಂತಿಯ ವಲಯವಾಗಲಿ ಎಂದು ವಿಶ್ವಸಂಸ್ಥೆ ಸಾರಿತು. ಭಾರತ ಆಗ ಡಿಯಾಗೋ ಗಾರ್ಸಿಯಾದ ನೆಲೆಯನ್ನು ಗಟ್ಟಿಯಾಗಿ ವಿರೋಧಿಸುತ್ತಿತ್ತು. ಆ ನೆಲೆಯಿಂದ 1991ರಲ್ಲಿ, 2001ರಲ್ಲಿ, 2003ರಲ್ಲಿ ಬಾಂಬು ವಿಮಾನಗಳು ಹಾರಿದವು. 2025ರಲ್ಲಿ ಆ ನೆಲೆಗೆ 99 ವರ್ಷ ಆಯುಸ್ಸು ಕೊಟ್ಟ ಒಪ್ಪಂದವನ್ನು ಭಾರತ ಸ್ವಾಗತಿಸಿತು. ಆಗಿನ ವಿರೋಧದಲ್ಲಿ ಅಮೆರಿಕ ಇತ್ತು, ಈಗಿನ ಸ್ವಾಗತದಲ್ಲಿ ಮಾರಿಷಸ್ ಇದೆ. ನಾಯಿ ಕಳಕೊಂಡವಳು ಎರಡರಲ್ಲೂ ಇಲ್ಲ.

ಮಾರಿಷಸ್ಸಿಗೆ ಸೇರಿದ ಇನ್ನೊಂದು ದ್ವೀಪ ಅಗಲೇಗ. ಚಾಗೋಸಿನಂತೆಯೇ ಗುಲಾಮರು ಕಟ್ಟಿದ ಕೊಬ್ಬರಿ ತೋಟ. ಸುಮಾರು 300 ಜನ, ಕಾಲ ಕೆಳಗಿನ ನೆಲ ಅವರ ಹೆಸರಿನಲ್ಲಿಲ್ಲ. 2015ರ ಒಪ್ಪಂದದಂತೆ ಭಾರತದ ಹಣದಲ್ಲಿ ಅಲ್ಲಿ 3 ಕಿಲೋಮೀಟರ್ ರನ್‌ವೇ, ಹಡಗುಕಟ್ಟೆ ಎದ್ದವು. 2024ರ ಫೆಬ್ರವರಿ 29ರಂದು ಎರಡೂ ದೇಶದ ಪ್ರಧಾನಿಗಳು ಉದ್ಘಾಟಿಸಿದರು. ಅದು ಸೇನಾ ನೆಲೆ ಅಲ್ಲ ಎಂದು ಮಾರಿಷಸ್ ಸರ್ಕಾರ ಹೇಳಿದೆ. ರೋಗಿಗೆ ವಿಮಾನ ಸಿಗುವುದು, ಹಡಗು ಸುಲಭವಾಗಿ ಬರುವುದು ಒಳ್ಳೆಯದೇ. ಆದರೆ ನಾವು ಇನ್ನೊಂದು ಚಾಗೋಸ್ ಆಗುತ್ತೇವಾ ಎಂದು ದ್ವೀಪದವರು ಕೇಳಿದ್ದಾರೆ. ಆ ರನ್‌ವೇಯಲ್ಲಿ ನಮ್ಮ ತೆರಿಗೆ ಇದೆ. ಹಾಗಾಗಿ ಆ ಪ್ರಶ್ನೆ ನಮ್ಮನ್ನೂ ಕೇಳಿದ ಪ್ರಶ್ನೆ. 'ನಾವು ಒಳ್ಳೆಯ ನೆರೆಯವರು' ಎಂಬ ಹೆಮ್ಮೆಯ ವಾಕ್ಯವನ್ನು ಪತ್ರಿಕೆಯಲ್ಲಿ ಓದಿದಾಗ, ಅದರಲ್ಲಿ ಆ 300 ಜನ ಯಾವ ವಿಭಕ್ತಿಯಲ್ಲಿದ್ದಾರೆ ಎಂದು ನಾವು ನೋಡಲೇಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಕ್ರೂಸೋ ಕತೆಯನ್ನು ಪಾಠದಿಂದ ತೆಗೆಯಬೇಡಿ. ಹೇಳಿ. ಹೇಳಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಆ ಶುಕ್ರವಾರದವನಿಗೆ ಅವನ ತಾಯಿ ಏನೆಂದು ಹೆಸರಿಟ್ಟಿದ್ದಳು? ಉತ್ತರ ಪುಸ್ತಕದಲ್ಲಿಲ್ಲ. ಮಕ್ಕಳು ತಲೆಗೊಂದು ಹೆಸರು ಹೇಳಲಿ, ಬೋರ್ಡಿನ ಮೇಲೆ ಬರೆಯಿರಿ. ನಮ್ಮ ವಿಮರ್ಶೆಯೂ ಅಲ್ಲಿಂದಲೇ ಶುರುವಾಗಬೇಕು.